ಚಿಕ್ಕಮ್ಮನ ಕೈಯ ಮಾತ್ರೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಮಾತ್ರೆ ಅಕ್ಕ ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ, ಓದು ಮುಗಿಸಿದ ವರ್ಷವೇ ಕೌಂಟರಿನ ಹಿಂದೆ ನಿಂತವಳು. ಡಾಕ್ಟರುಗಳ ಕೋಳಿಕಾಲಿನ ಅಕ್ಷರ ಬಿಡಿಸುವುದು, ಊಟಕ್ಕೆ ಮುಂಚಿನದು ಯಾವುದು ಆಮೇಲಿನದು ಯಾವುದು ಎಂದು ಕವರಿನ ಮೇಲೆ ಗುರುತು ಹಾಕಿ ಕೊಡುವುದು, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ತಾಯಂದಿರಿಗೆ ಸ್ಟೂಲು ಎಳೆದು ಕೊಡುವುದು, ಇದರಲ್ಲೇ ಅವಳಿಗೆ ಮೂವತ್ತೈದು ದಾಟಿತು. ಮದುವೆಯ ಯೋಚನೆಯನ್ನು ಅವಳೂ ಬಿಟ್ಟಿದ್ದಳು, ಗಂಡು ಹುಡುಕುವವರೂ ಬಿಟ್ಟಿದ್ದರು.

ಆಗ ಬಂದವನು ಅವನು. ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳಿಗೆ ಫಿಟ್ಸ್ ಬರುತ್ತಿತ್ತು. ತಿಂಗಳಿಗೊಮ್ಮೆ ಬಂದು ಅದೇ ಗುಲಾಬಿ ಬಣ್ಣದ ಮಾತ್ರೆ ಕೊಳ್ಳುತ್ತಿದ್ದ. ಡಾಕ್ಟರ ಚೀಟಿಯನ್ನೂ ಮಾತ್ರೆಯ ಹಾಳೆಯನ್ನೂ ಅಕ್ಕಪಕ್ಕ ಹಿಡಿದು, "ಇದು ಸರಿಯಾಗಿದೆ ತಾನೆ ಮೇಡಂ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. ಅಂಗಡಿಯ ಯಜಮಾನರಿಗೆ ಅದು ಕಿರಿಕಿರಿ. ಅವಳಿಗೆ ಮಾತ್ರ ಆ ಪ್ರಶ್ನೆ ಹಿಡಿಸಿತು. ಎರಡೆರಡು ಸಲ ಕೇಳುವವನು ಮನೆಯವರನ್ನು ಕಡೆಗಣಿಸುವವನಲ್ಲ ಎಂದುಕೊಂಡಳು. ಒಂದು ದಿನ ಅವನು ಮಾತ್ರೆಯ ಬದಲು ಬೇರೆಯದನ್ನೇ ಕೇಳಿದ. ಯೋಚಿಸಿ ಹೇಳುತ್ತೇನೆ ಎಂದವಳು ಅವನು ಚಿಲ್ಲರೆ ಎಣಿಸಿಕೊಳ್ಳುವಷ್ಟರಲ್ಲಿ ಒಪ್ಪಿಬಿಟ್ಟಳು.

ಮಗಳಿಗೆ ಆಗ ಒಂಬತ್ತು ವರ್ಷ. ಎಲ್ಲಿಟ್ಟರೂ ಸಕ್ಕರೆ ಡಬ್ಬಿ ಹುಡುಕಿ ತೆಗೆಯುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ಇರುವೆ. ತಾಯಿ ಹೋದ ಮೇಲೆ ಅವಳನ್ನು ನೋಡಿಕೊಂಡವಳು ಅಪ್ಪನ ಅಕ್ಕ, ಎರಡು ಬೀದಿ ಆಚೆಯ ಅತ್ತೆ. ಹೊಸಬಳನ್ನು ಅಮ್ಮ ಎನ್ನು ಎಂದು ಯಾರೂ ಒತ್ತಾಯಿಸಲಿಲ್ಲ. ಹುಡುಗಿ ತಾನಾಗಿಯೇ ಚಿಕ್ಕಮ್ಮ ಎಂದಳು. ಮೊದಲ ವರ್ಷ ಚೆನ್ನಾಗಿಯೇ ಕಳೆಯಿತು. ಅಪ್ಪ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುತ್ತಿದ್ದರಿಂದ ಬೆಳಗಿನ ಮಾತ್ರೆ, ಸಂಜೆಯ ಮಾತ್ರೆ ಎರಡೂ ಚಿಕ್ಕಮ್ಮನ ಪಾಲಿಗೆ ಬಂದವು. ಇರುವೆ ಹಾಲಿನ ಜೊತೆ ನುಂಗಿ, 'ಆ' ಎಂದು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ ನಗುತ್ತಿದ್ದಳು. ಜಡೆ ಹಾಕಿಸಿಕೊಳ್ಳುವಾಗ ನೋವಾದರೆ ಬಾಯಿ ತುಂಬ ಬೈಯುತ್ತಿದ್ದಳು. ಬೈಗುಳ ಬಂತಲ್ಲ, ಇನ್ನು ಸಲಿಗೆ ದೂರವಿಲ್ಲ ಎಂದು ಚಿಕ್ಕಮ್ಮ ಹಿಗ್ಗುತ್ತಿದ್ದಳು.

ಮಲತಾಯಿ ಎನ್ನುವ ಮಾತಿನ ಚುಚ್ಚು ಆಗೀಗ ತಗಲುತ್ತಿತ್ತು. ಪತ್ರಿಕೆ ಬಿಡಿಸಿದರೆ ಸಾಕು, ಯಾವುದೋ ಊರಿಗೆ ರಸ್ತೆ ಹಾಕಿಲ್ಲ, 'ಮಲತಾಯಿ ಧೋರಣೆ' ಎಂಬ ತಲೆಬರಹ. "ರಸ್ತೆ ಮಾಡದೆ ಇರೋರು ಇವರು, ಬೈಸಿಕೊಳ್ಳೋಳು ನಾನು," ಎಂದು ಗಂಡನಿಗೆ ಓದಿ ಹೇಳಿ ನಗುತ್ತಿದ್ದಳು. ನಗಲು ಆಗುತ್ತಿದ್ದ ಕಾಲ ಅದು.

ಆ ಸಿನಿಮಾ ಬಂದದ್ದು ಎರಡನೆಯ ವರ್ಷದಲ್ಲಿ. ಊರೆಲ್ಲ ಅದರದೇ ಮಾತು. ಗಂಡ ಹೆಂಡತಿ ಇರುವೆಯನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋದರು. ತೆರೆಯ ಮೇಲೊಬ್ಬಳು ಮಲತಾಯಿ. ಎತ್ತರದ ದನಿ ಇಲ್ಲ, ಕೆಂಗಣ್ಣಿಲ್ಲ. ಮೆಲ್ಲಗೆ ಮಾತಾಡುತ್ತಾಳೆ, ಮಗುವಿನ ಹಣೆ ಸವರುತ್ತಾಳೆ, ಪ್ರತಿದಿನ ಒಂದು ಲೋಟ ಹಾಲಿಗೆ ಪುಡಿಯೊಂದನ್ನು ಹಾಕಿ ಚಮಚದಲ್ಲಿ ಕಲಕುತ್ತಾಳೆ. ಟಿಣ್, ಟಿಣ್, ಟಿಣ್. ಆ ಸದ್ದು ಕೇಳಿದಾಗಲೆಲ್ಲ ಚಿತ್ರಮಂದಿರವೇ ಉಸಿರು ಬಿಗಿಹಿಡಿಯುತ್ತಿತ್ತು. ಮಾತ್ರೆ ಅಕ್ಕನೂ ಗಂಡನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಆ ಹೆಂಗಸು ಮಹಡಿಯಿಂದ ಕೆಳಗೆ ಬಿದ್ದಾಗ ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು. ತಾನು ಯಾರೆಂಬುದು ಅವಳಿಗೆ ನೆನಪಾದದ್ದು ದೀಪ ಹತ್ತಿದ ಮೇಲೆ. ಮುಂದಿನ ಸಾಲಿನಲ್ಲಿದ್ದ ನೆರೆಮನೆಯಾಕೆ ಹಿಂತಿರುಗಿ ನಕ್ಕು, "ನೀವೂ ಬಂದಿದ್ರಾ!" ಎಂದಾಗ ಆ ನಗುವಿಗೆ ಏನು ಅರ್ಥ ಎಂದು ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸುತ್ತ ಬಂದಳು.

ಅಂಗಡಿಯಲ್ಲಿ ತಮಾಷೆ ಶುರುವಾಯಿತು. "ಮಾತ್ರೆ ಅಕ್ಕ, ಇದರಲ್ಲಿ ಏನೂ ಬೆರೆಸಿಲ್ಲ ತಾನೆ?" ಎಂದು ಗಿರಾಕಿಯೊಬ್ಬರು ಕೆಮ್ಮಿನ ಸಿರಪ್ಪನ್ನು ಬೆಳಕಿಗೆ ಹಿಡಿದು ನೋಡಿದರು. ಅವಳು ನಕ್ಕಳು. ಇನ್ನೊಬ್ಬರು ಅದೇ ಮಾತಾಡಿದರು. ಅದಕ್ಕೂ ನಕ್ಕಳು. ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು.

ಸಿನಿಮಾ ಮೊಬೈಲಿಗೆ ಬಂದಾಗ ಅತ್ತೆ ಬಟ್ಟೆ ಮಡಚುತ್ತ ಅದನ್ನು ನೋಡಿದಳು. ಬೆನ್ನ ಹಿಂದೆ ಕೂತು ಇರುವೆ ಪೂರ್ತಿ ನೋಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮಾತ್ರೆ ಅಕ್ಕನಿಗೂ ಇದು ಗೊತ್ತಿರಲಿಲ್ಲ. ಅವಳಿಗೆ ಮೊದಲು ಕಂಡದ್ದು ಹುಡುಗಿಯ ಭುಜ. ಹಾಲಿಗೆ ಸಕ್ಕರೆ ಹಾಕಿ ಕಲಕುತ್ತಿದ್ದಾಗ ಚಮಚ ಲೋಟಕ್ಕೆ ತಗಲಿ ಟಿಣ್ ಎಂದಿತು, ಮೇಜಿನ ಮುಂದೆ ಕೂತಿದ್ದ ಇರುವೆಯ ಭುಜ ಕಿವಿಯವರೆಗೆ ಏರಿತು. ಮರುದಿನವೂ ಹಾಗೇ ಆಯಿತು. ಅವಳು ಸದ್ದಾಗದಂತೆ ಕಲಕಿದಳು. ಆಗ ಹುಡುಗಿ ಅವಳ ಕೈಯನ್ನೇ ನೋಡತೊಡಗಿದಳು. ಡಬ್ಬಿಗೆ ಹೋದ ಕೈ, ಮುಚ್ಚಳ ತೆಗೆದ ಕೈ, ಲೋಟದ ಮೇಲೆ ಬಾಗಿದ ಕೈ. ಬೆಕ್ಕಿನ ಮುಂದೆ ಕೂತ ಇಲಿಮರಿಯ ಹಾಗೆ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಒಂದು ಸಂಜೆ ಚಿಕ್ಕಮ್ಮ ಹಿಂತಿರುಗುವಷ್ಟರಲ್ಲಿ ಎರಡು ಲೋಟಗಳು ಜಾಗ ಬದಲಾಯಿಸಿದ್ದವು. ಮತ್ತೊಂದು ದಿನ ಸಿಂಕಿನ ಜಾಲರಿಯ ಮೇಲೆ ಹಾಲಿನ ಬಿಳಿ ಒಣಗಿತ್ತು. ಬಾಯಿ ತೆರೆದು ನಾಲಿಗೆ ತೋರಿಸುವುದು ಯಾವಾಗಲೋ ನಿಂತುಹೋಗಿತ್ತು. ಮಾತ್ರೆಯನ್ನು ಅಂಗೈಗೆ ಹಾಕಿದರೆ ಮುಷ್ಟಿ ಮಾಡಿಕೊಂಡು ಸ್ಕೂಲಿನ ಬ್ಯಾಗು ಹುಡುಕುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ಅಲ್ಲಿ ನೀರು ಕುಡಿದು ನುಂಗುತ್ತಾಳೆ ಎಂದೇ ಚಿಕ್ಕಮ್ಮ ನಂಬಿದ್ದಳು.

ಸಿನಿಮಾದ ಆ ಟಿಣ್ ಸದ್ದು ನೆನಪಾಗಿ, ಏನಾಗುತ್ತಿದೆ ಎಂದು ಅವಳಿಗೆ ಅರ್ಥವಾಯಿತು. ಹತ್ತು ವರ್ಷದ ಮಗು ತನ್ನನ್ನು ಕಂಡು ಹೆದರುತ್ತಿದೆ. ಅದೂ ಪೆಟ್ಟಿಗಲ್ಲ, ಬೈಗುಳಕ್ಕಲ್ಲ, ಪ್ರಾಣಭಯದಿಂದ. ಇದನ್ನು ಗಂಡನಿಗೆ ಹೇಗೆ ಹೇಳುವುದು? 'ನಿಮ್ಮ ಮಗಳು ನನ್ನನ್ನು ಕೊಲೆಗಾತಿ ಅಂದುಕೊಂಡಿದ್ದಾಳೆ' ಎನ್ನುವುದೇ? ಹೇಳಿದರೆ ಅವನೂ ಒಮ್ಮೆ ತನ್ನ ಕೈಯ ಕಡೆ ನೋಡಿಬಿಟ್ಟರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುವುದಿಲ್ಲವೇ? ಹಾಗಾಗಿ ಹೇಳಲಿಲ್ಲ. ತಾನಾಗಿ ಮರೆಯುತ್ತಾಳೆ, ಮಕ್ಕಳ ಭಯ ಮಕ್ಕಳ ಜ್ವರದ ಹಾಗೆ ಎಂದು ಸಮಾಧಾನ ಮಾಡಿಕೊಂಡಳು.

ಆದರೆ ಜ್ವರ ಹರಡಿದ್ದು ಅವಳಿಗೆ. ಅಂಗಡಿಯಲ್ಲಿ ಮಾತ್ರೆಯ ಒಂದೇ ಹಾಳೆಯನ್ನು ಮತ್ತೆ ಮತ್ತೆ ಓದತೊಡಗಿದಳು. ಮನೆಯಲ್ಲಿ ಅಡುಗೆಯನ್ನು ಎಲ್ಲರಿಗಿಂತ ಮೊದಲು ತಾನು ತಿಂದು, "ಚೆನ್ನಾಗಿದೆ," ಎಂದು ಬೇಕಂತಲೇ ಜೋರಾಗಿ ಹೇಳುತ್ತಿದ್ದಳು. ಇರುವೆಗೆ ಒಂದು ಸೀನು ಬಂದರೂ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ನಾಳೆ ಈ ಮಗುವಿಗೆ ಹೊಟ್ಟೆನೋವು ಬಂದರೆ? ಮೆಟ್ಟಿಲಿನಿಂದ ಬಿದ್ದರೆ? ಯಾರು ಏನು ಹೇಳುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆ ಮಾತು ಒಂದು ಸಂಜೆ ಅವಳ ಕಿವಿಗೇ ಬಿದ್ದಿತ್ತು. ಇರುವೆಯನ್ನು ಕರೆತರಲು ಹೋಗಿ ಅತ್ತೆಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಫೋನಿನಲ್ಲಿ ಗಂಡನ ಅಕ್ಕನ ದನಿ: "ಮಗು ಯಾಕೋ ಸೊರಗಿದೆ ಕಣೆ. ಊಟಾನೂ ಸೇರಲ್ಲ. ಅವಳು ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದ್ರೂ ಔಷಧಿ ಅಂಗಡಿಯವಳು ನೋಡು... ಛೆ, ಬಿಡು, ಹಾಗೆಲ್ಲ ಅನ್ನಬಾರದು."

ಅನ್ನಬಾರದು ಎಂದ ಮೇಲೂ ಅಂದದ್ದು ಅಂದಂತೆಯೇ ಉಳಿಯಿತು. ಮಾತ್ರೆ ಅಕ್ಕ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿ, ಕೆಳಗಿಳಿದು, ಬೀದಿಯಲ್ಲಿ ಒಂದು ಸುತ್ತು ಹಾಕಿ, ಈಗ ತಾನೇ ಬಂದವಳಂತೆ ಬೆಲ್ ಒತ್ತಿದಳು.

ಮುಂದಿನ ಶನಿವಾರ ಇರುವೆ ಅತ್ತೆಯ ಮನೆಗೆ ಹೋಗಿದ್ದಳು. ಅಂಗಡಿಗೆ ಅರ್ಧ ದಿನ ರಜೆ. ಮಾತ್ರೆ ಅಕ್ಕ ಸ್ಕೂಲ್ ಯೂನಿಫಾರಂ ಒಗೆಯಲು ನೆನೆಸಿ, ತಿಕ್ಕಲೆಂದು ಎತ್ತಿದಳು. ಜೇಬಿನ ಜಾಗದಲ್ಲಿ ಬಟ್ಟೆ ಗುಲಾಬಿಯಾಗಿತ್ತು. ಜೇಬು ಹೊರಗೆಳೆದಳು. ಹೊಲಿಗೆಯ ಮೂಲೆಯಲ್ಲಿ ಗುಲಾಬಿ ಬಣ್ಣದ ಹಿಟ್ಟು, ನಡುವೆ ಇನ್ನೂ ಪೂರ್ತಿ ಕರಗದ ಒಂದು ಮಾತ್ರೆ.

ಹುಡುಗಿ ಹಾಲು ಮಾತ್ರವಲ್ಲ, ಮಾತ್ರೆಯನ್ನೂ ನುಂಗುತ್ತಿಲ್ಲ. ಎಂದಿನಿಂದ? ಈ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಕೌಂಟರಿನಾಚೆ ನಿಂತ ಎಷ್ಟು ಜನರಿಗೆ ಅವಳೇ ಎಚ್ಚರಿಕೆ ಹೇಳಿದ್ದಳು! ಒದ್ದೆ ಕೈಯಲ್ಲೇ ಗಂಡನಿಗೆ ಫೋನು ಮಾಡಿದಳು. ಯಂತ್ರದ ಕೋಣೆಯಲ್ಲಿದ್ದನೋ ಏನೋ, ಎತ್ತಲಿಲ್ಲ. ಅತ್ತಿಗೆಗೆ, ಅಂದರೆ ಇರುವೆಯ ಅತ್ತೆಗೆ, ಮಾಡಿದಳು.

"ಅತ್ತಿಗೆ, ಇರುವೆ ಹೇಗಿದಾಳೆ? ಅವಳು ಮಾತ್ರೆ ನುಂಗ್ತಾ ಇಲ್ಲ, ಬಿಸಾಡ್ತಿದಾಳೆ. ಒಬ್ಬಳನ್ನೇ ಬಿಡಬೇಡಿ, ನಾನು ಬಂದೆ."

ಅತ್ತಿಗೆ ಕೇಳಿದಳು, "ನೀನು ಕೊಡೋ ಮಾತ್ರೆನಾ?"

ಆ ಒಂದು 'ನೀನು' ಅವಳ ಬೆನ್ನಿನಲ್ಲಿ ಐಸಿನಂತೆ ಇಳಿಯಿತು. ಉತ್ತರ ಕೊಡಲು ನಿಲ್ಲಲಿಲ್ಲ. ಫಿಟ್ಸ್ ನಿಲ್ಲದಿದ್ದರೆ ಮೂಗಿಗೆ ಹೊಡೆಯಬೇಕೆಂದು ಡಾಕ್ಟರು ಹೊಸದಾಗಿ ಬರೆದುಕೊಟ್ಟ ಸ್ಪ್ರೇ ಕಪಾಟಿನಲ್ಲಿತ್ತು. ಅದನ್ನು ಬ್ಯಾಗಿಗೆ ಹಾಕಿಕೊಂಡು ಓಡಿದಳು. ಒಬ್ಬ ಹೆಂಗಸು ಬ್ಯಾಗಿನಲ್ಲಿ ಔಷಧಿ ಇಟ್ಟುಕೊಂಡು ಮಲಮಗಳ ಹತ್ತಿರ ಓಡುತ್ತಿದ್ದಾಳೆ, ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬ ಯೋಚನೆ ಆ ಓಟದಲ್ಲೂ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಮೆಟ್ಟಿಲು ಹತ್ತುವಾಗಲೇ ಅತ್ತಿಗೆಯ ಕೂಗು ಕೇಳಿಸಿತು. ಇರುವೆ ನಡುಮನೆಯ ನೆಲದ ಮೇಲೆ ಬಿದ್ದಿದ್ದಳು. ಮೈ ಬಿಲ್ಲಿನ ಹಾಗೆ ಬಿಗಿದು ಅದುರುತ್ತಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಅತ್ತಿಗೆ ಹಲ್ಲಿನ ನಡುವೆ ನೀರು ಹನಿಸಲು ನೋಡುತ್ತಿದ್ದಳು. ಮಾತ್ರೆ ಅಕ್ಕ ಲೋಟ ಸರಿಸಿ, ಮಗುವನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ಬ್ಯಾಗು ಕೊಟ್ಟಳು. "ಯಾವಾಗ ಶುರುವಾಯ್ತು?"

"ನೀನು ಫೋನ್ ಇಟ್ಟ ತಕ್ಷಣ. ಅಯ್ಯೋ, ನಿಲ್ತಾನೇ ಇಲ್ಲ!"

ಅಷ್ಟೂ ಹೊತ್ತು ನಿಂತಿಲ್ಲವೆಂದರೆ ಇನ್ನು ಕಾಯುವಂತಿಲ್ಲ. ಅವಳು ಸ್ಪ್ರೇ ತೆಗೆದು, ಮುಚ್ಚಳ ಬಿಚ್ಚಿ, ಮಗುವಿನ ಮುಖದ ಮೇಲೆ ಬಾಗಿದಳು. ಅತ್ತಿಗೆಯ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

"ಏನದು? ಏನು ಹಾಕ್ತಿದೀಯಾ ಮಗುಗೆ?"

"ಡಾಕ್ಟರ್ ಕೊಟ್ಟಿರೋದು ಅತ್ತಿಗೆ, ಬಿಡಿ."

"ಬೇಡ! ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಅವರೇ ಹಾಕ್ಲಿ."

ಅತ್ತಿಗೆಯ ಕಣ್ಣಲ್ಲಿ ದ್ವೇಷವಿರಲಿಲ್ಲ. ಇರುವೆಯ ಕಣ್ಣಲ್ಲಿ ಇಷ್ಟು ದಿನ ಕಂಡದ್ದೇ ಅಲ್ಲೂ ಇತ್ತು. ಮಾತ್ರೆ ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಕೊಡವಿ ಬಿಡಿಸಿಕೊಳ್ಳುವ ಬಲ ಅವಳಿಗಿತ್ತು. ಬಿಡಿಸಿಕೊಂಡು ಔಷಧಿ ಹೊಡೆದು, ಅಷ್ಟರ ಮೇಲೂ ಮಗು ಉಳಿಯದಿದ್ದರೆ? ತಡೆದರೂ ಕೇಳದೆ ಮೂಗಿಗೆ ಏನೋ ಹಾಕಿದಳು ಎನ್ನುವುದಕ್ಕೆ ಎದುರಿಗೇ ಸಾಕ್ಷಿ. ಹಾಕದಿದ್ದರೆ ಈ ಅದುರುವಿಕೆ ನಿಲ್ಲುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಇರುವೆಯ ತುಟಿಯ ಸುತ್ತ ನೀಲಿ ಏರುತ್ತಿತ್ತು.

"ಹಾಗಾದ್ರೆ ನೀವೇ ಹಾಕಿ," ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಸ್ಪ್ರೇಯನ್ನು ಅತ್ತಿಗೆಯ ಕೈಗೆ ತುರುಕಿದಳು. "ನನ್ನ ಕೈ ಬೇಡ ಅಂದ್ರೆ ಬೇಡ. ನೀವು ಹಾಕಿ. ಮೂಗಿನೊಳಗೆ ಇಡಿ. ಇನ್ನೂ ಒಳಗೆ. ಹಾಂ, ಒತ್ತಿ. ಗಟ್ಟಿಯಾಗಿ ಒತ್ತಿ, ಅತ್ತಿಗೆ!"

ಅತ್ತಿಗೆ ಅಳುತ್ತಲೇ ಒತ್ತಿದಳು. ಆ ಕೈಯನ್ನು ಕೆಳಗಿನಿಂದ ಮಾತ್ರೆ ಅಕ್ಕನೇ ಆನಿಸಿ ಹಿಡಿದಳು. ಇಬ್ಬರೂ ಮಗುವಿನ ಎದೆ ನೋಡುತ್ತ ಕೂತರು. ಗೋಡೆಯಾಚೆ ಯಾರೋ ಟಿವಿ ಹಾಕಿದ್ದರು, ಜನ ನಗುತ್ತಿದ್ದರು. ಅದುರುವಿಕೆ ಮೊದಲು ಕಾಲಿನಲ್ಲಿ ಸಡಿಲವಾಯಿತು, ಆಮೇಲೆ ಕೈಯಲ್ಲಿ, ಕೊನೆಗೆ ದವಡೆಯಲ್ಲಿ. ಇರುವೆ ಗೊರಕೆಯಂಥ ದೊಡ್ಡದೊಂದು ಉಸಿರು ಎಳೆದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಸ್ಪ್ರೇ ಕೊಟ್ಟಿದ್ದು ಯಾರು?"

"ನಾನು," ಎಂದಳು ಅತ್ತಿಗೆ. ಹಿಂದೆಯೇ, "ಇವಳು ಹೇಳಿಕೊಟ್ಳು. ನಾನೇ ಇವಳ ಕೈ ಹಿಡಿದು ತಡೆದಿದ್ದೆ," ಎಂದು ಗೋಡೆಯ ಕಡೆ ತಿರುಗಿದಳು.

ಗಂಡ ಕೆಲಸದ ಬಟ್ಟೆಯಲ್ಲೇ ಓಡಿಬಂದ, ಮೈಯೆಲ್ಲ ಎಣ್ಣೆಯ ವಾಸನೆ. ಮಗಳ ಹಾಸಿಗೆಯ ಪಕ್ಕ ನಿಂತು, ತಲೆ ಸವರಿ, ಹೆಂಡತಿಯ ಕಡೆ ನೋಡಿದ. "ನೀನು ಸರಿಯಾಗಿ ಕೊಡ್ತಿದ್ದೆ ತಾನೆ?"

ಅದು ಅವನ ಹಳೆಯ ಪ್ರಶ್ನೆಯೇ, ಎಲ್ಲದಕ್ಕೂ ಎರಡು ಸಲ ಕೇಳುವ ಅಭ್ಯಾಸವೇ ಎಂದು ಅವಳ ಬುದ್ಧಿ ಹೇಳಿತು. ಮನಸ್ಸು ಮಾತ್ರ ಅದನ್ನು ಒಪ್ಪಲಿಲ್ಲ. ಎಷ್ಟು ದಿನಗಳಿಂದ ಈ ನೋಟಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ ಆ ನೋಟ ಬಂದೇ ಬಿಟ್ಟಿತ್ತು.

"ಕೊಡ್ತಿದ್ದೆ ರೀ. ನುಂಗಿದ್ಲಾ ಅಂತ ನೋಡ್ಲಿಲ್ಲ. ನನ್ನನ್ನ ಕಂಡ್ರೆ ಹೆದರ್ತಾಳೆ ಅಂತ ಗೊತ್ತಿತ್ತು, ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ತಪ್ಪು ನಂದೂ ಇದೆ."

ಅವನು ಕುರ್ಚಿಯನ್ನು ಅವಳ ಕಡೆ ತಳ್ಳಿ, ತಾನು ಕಿಟಕಿಯ ಕಟ್ಟೆಗೆ ಒರಗಿ ನಿಂತ. ಅವಳು ಕೂತಳು.

ಮರುದಿನ ಮಧ್ಯಾಹ್ನ ಕೋಣೆಯಲ್ಲಿ ಅವರಿಬ್ಬರೇ ಇದ್ದಾಗ ಇರುವೆ ಚಾವಣಿ ನೋಡುತ್ತ ಕೇಳಿದಳು, "ಚಿಕ್ಕಮ್ಮ, ನೀನು ಆ ಸಿನಿಮಾ ನೋಡಿದ್ಯಾ? ಹಾಲು ಕಲಕೋ ಸಿನಿಮಾ?"

"ನೋಡಿದೆ."

"ಭಯ ಆಯ್ತಾ?"

"ತುಂಬಾ."

"ಯಾರನ್ನ ನೋಡಿ?"

"ಅವಳನ್ನೇ. ಆ ಮಲತಾಯಿನ."

ಹುಡುಗಿ ಈಗ ಅವಳ ಕಡೆ ತಿರುಗಿದಳು. ಈ ಉತ್ತರವನ್ನು ಅವಳು ನಿರೀಕ್ಷಿಸಿರಲಿಲ್ಲ. "ಅವಳು ಯಾಕೆ ಹಾಗ್ ಮಾಡಿದ್ಲು?"

ಮಾತ್ರೆ ಅಕ್ಕ ಯೋಚಿಸಿದಳು. ಆ ಸಿನಿಮಾ ಅದನ್ನು ಎಲ್ಲೂ ಹೇಳಿರಲಿಲ್ಲ. ಹೇಳದಿದ್ದುದು ಅಂದು ಅವಳಿಗೂ ಹೊಳೆದಿರಲಿಲ್ಲ, ಇಡೀ ಚಿತ್ರಮಂದಿರದಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಮಲತಾಯಿ ಅಂದ ಮೇಲೆ ಕಾರಣ ಬೇರೆ ಬೇಕೇ?

"ಗೊತ್ತಿಲ್ಲ ಪುಟ್ಟಾ. ಅವರು ಹೇಳಲೇ ಇಲ್ಲ. ನಾವೂ ಕೇಳಲಿಲ್ಲ."

"ನಿನ್ನ ಕಂಡ್ರೆ ಇನ್ನೂ ಸ್ವಲ್ಪ ಭಯ ಆಗುತ್ತೆ," ಎಂದಳು ಇರುವೆ, ಕ್ಷಮೆ ಕೇಳುವ ದನಿಯಲ್ಲಿ.

"ಆಗ್ಲಿ. ಆದಾಗ ಹೇಳು. ಮಾತ್ರೆ ಮಾತ್ರ ಎಸೀಬೇಡ."

ಮನೆಗೆ ಬಂದ ಮೇಲೆ ಅಪ್ಪ ಕೆಲಸದ ಪಾಳಿ ಬದಲಾಯಿಸಿಕೊಂಡ. ಕೆಲವು ತಿಂಗಳು ಅವನೇ ಮಾತ್ರೆ ಕೊಟ್ಟ. ಆಮೇಲೆ ಇರುವೆ ಅದರ ಹೆಸರು ಓದಲು ಕಲಿತಳು. ಉದ್ದನೆಯ ಹೆಸರನ್ನು ಮಗ್ಗಿಯ ಹಾಗೆ ಗಟ್ಟಿಯಾಗಿ ಹೇಳಿ, ಹಾಳೆಯಿಂದ ತಾನೇ ಒತ್ತಿ ತೆಗೆದು ನುಂಗುತ್ತಿದ್ದಳು. ಆ ಹೊತ್ತಿಗೆ ಚಿಕ್ಕಮ್ಮ ಬೇಕಂತಲೇ ಬೇರೆ ಕೋಣೆಯಲ್ಲಿರುತ್ತಿದ್ದಳು, ಕಿವಿಯನ್ನು ಮಾತ್ರ ಇಲ್ಲೇ ಬಿಟ್ಟು. ಅತ್ತಿಗೆ ಮೊದಲಿಗಿಂತ ಹೆಚ್ಚು ಬರತೊಡಗಿದಳು. ಆ ಶನಿವಾರದ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ. ಸ್ಪ್ರೇಯನ್ನು ತಾನು ಅತ್ತಿಗೆಯ ಕೈಗೆ ಕೊಟ್ಟದ್ದು ಮಗು ಉಳಿಯಲಿ ಎಂದೋ, ತನ್ನ ಕುತ್ತಿಗೆ ಉಳಿಯಲಿ ಎಂದೋ? ಮಾತ್ರೆ ಅಕ್ಕ ಇದನ್ನು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಒಂದೊಂದು ದಿನ ಒಂದೊಂದು ಉತ್ತರ ಬರುತ್ತಿತ್ತು.

ಹದಿನಾಲ್ಕು ತುಂಬಿದ ಇರುವೆಗೆ ಥ್ರಿಲ್ಲರ್ ಸಿನಿಮಾದ ಹುಚ್ಚು ಹಿಡಿಯಿತು. ಹೊಸದೊಂದು ಬಂದಿದೆ, ಅದರಲ್ಲೂ ಎರಡನೇ ಹೆಂಡತಿ ಇದ್ದಾಳೆ, ಬರಲೇಬೇಕು ಎಂದು ಚಿಕ್ಕಮ್ಮನನ್ನು ಎಳೆದುಕೊಂಡು ಹೋದಳು. ತೆರೆಯ ಮೇಲಿನ ಹೆಂಗಸು ಒಂದು ಬೀಗ ತೆಗೆದರೆ ಸಂಗೀತ ಬುಸುಗುಟ್ಟುತ್ತಿತ್ತು, ಒಂದು ಸೀಸೆ ಮುಟ್ಟಿದರೆ ಹಿಂದಿನ ಸಾಲಿನವರು ಚೀರುತ್ತಿದ್ದರು.

ಇರುವೆ ಕಿವಿಯಲ್ಲಿ ಪಿಸುಗುಟ್ಟಿದಳು, "ಅವಳಲ್ಲ ಚಿಕ್ಕಮ್ಮ. ಅವಳೇ ಅಂತ ನಮಗೆ ಅನ್ನಿಸ್ಲಿ ಅಂತ ಹೀಗೆ ತೋರಿಸ್ತಿದಾರೆ. ನೋಡ್ತಿರು."

ಕೊಲೆ ಮಾಡಿದವಳು ಅವಳಾಗಿರಲಿಲ್ಲ. ಕೊಲೆಗಾರ ಎಲ್ಲರೂ ಮೆಚ್ಚಿದ್ದ ಕುಟುಂಬದ ಡಾಕ್ಟರು. ಜನ ಬೆರಗಾದರು, ಸಿಳ್ಳೆ ಹೊಡೆದರು. ಮಾತ್ರೆ ಅಕ್ಕನಿಗೂ ನೆಮ್ಮದಿಯಾಯಿತು. ಆದರೆ ಆ ನೆಮ್ಮದಿ ಕೊನೆಯ ಸ್ವಲ್ಪ ಹೊತ್ತಿನದು, ಅದಕ್ಕೆ ಮೊದಲು ಸಿನಿಮಾದ ಉದ್ದಕ್ಕೂ ಎಲ್ಲರೂ ಆ ಹೆಂಗಸನ್ನೇ ನೋಡಿ ಹೆದರಿದ್ದರು. ಅವಳೂ ಹೆದರಿದ್ದಳು.

ಹೊರಬರುವಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ ಜೊತೆಯವಳಿಗೆ ಹೇಳುತ್ತಿದ್ದಳು, "ನಾನಂತೂ ಅವಳೇ ಅಂದ್ಕೊಂಡಿದ್ದೆ ಕಣೆ. ಮಲತಾಯಿ ಅಲ್ವಾ!"

ಇರುವೆ ತಟ್ಟನೆ ತಿರುಗಿದಳು. "ಅದಕ್ಕೆ ಯಾಕೆ ಹಾಗಂದ್ಕೋಬೇಕು ಆಂಟಿ?"

ಆಕೆ ತಬ್ಬಿಬ್ಬಾಗಿ ನಕ್ಕಳು. ಮಾತ್ರೆ ಅಕ್ಕ ಹುಡುಗಿಯ ತೋಳು ಹಿಡಿದು ಜನರ ನಡುವಿನಿಂದ ಎಳೆದುಕೊಂಡು ಹೊರಟಳು.

"ನಿನ್ನ ಕೈ ಎಷ್ಟು ತಣ್ಣಗಿದೆ! ಇನ್ನೂ ಭಯ ಆಗುತ್ತಾ ನಿನಗೆ?"

"ನಿನಗೆ ಒಂದು ಸೀನು ಬಂದ್ರೂ ಆಗುತ್ತೆ," ಎಂದಳು ಮಾತ್ರೆ ಅಕ್ಕ.

ಇರುವೆ ಬೇಕಂತಲೇ ದೊಡ್ಡದಾಗಿ ಸೀನಿದಳು. ಬಸ್ಸು ಬಂತು. ಇಬ್ಬರೂ ಹತ್ತಿ, ಹಿಂದಿನ ಸೀಟಿನಲ್ಲಿ ಜಾಗ ಹಿಡಿದರು.